ಬೆಂಗಳೂರಿನ ಮೂರು ಅಂಚುಗಳು: ಹಲ್ಲುಬೇನೆಯ ದಾರಿಯಲ್ಲಿ ಕಂಡದ್ದು

ರಾಜಧಾನಿಯ ವಾಯವ್ಯಕ್ಕೆ ಪೀಣ್ಯ, ಆಗ್ನೇಯಕ್ಕೆ ಎಲೆಕ್ಟ್ರಾನಿಕ್ ಸಿಟಿ, ಪೂರ್ವಕ್ಕೆ ವೈಟ್‌ಫೀಲ್ಡ್. ಎರಡು ತಲೆಮಾರುಗಳ ಹಿಂದೆ ಈ ಮೂರೂ ಸೀಮೆಗಳ ಸುತ್ತ ರಾಗಿಯ ಹೊಲ, ಕೆರೆಯ ಏರಿ, ಹುಣಸೆಯ ತೋಪುಗಳೇ ಹೆಚ್ಚಾಗಿದ್ದವು. ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ವಸತಿಗೆಂದು ನೀಡಿದ ಭೂಮಿಯಲ್ಲಿ, ಆ ಸಮಾಜದ ಮುಖಂಡ ಡಿ.ಎಸ್. ವೈಟ್ ಅವರ ಹೆಸರನ್ನು ಹೊತ್ತು ವೈಟ್‌ಫೀಲ್ಡ್ ನೆಲೆಗೊಂಡಿತು. ೧೯೭೦ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು.

ಇಂದು ಈ ಮೂರು ಅಂಚುಗಳಲ್ಲಿ ನಮ್ಮ ನಾಡಿನ ಎಲ್ಲ ಜಿಲ್ಲೆಗಳ ಮಕ್ಕಳೂ ದುಡಿಯುತ್ತಿದ್ದಾರೆ. ಅವರಲ್ಲಿ ಲೇತ್ ಯಂತ್ರದ ಮುಂದೆ ನಿಂತವರಿದ್ದಾರೆ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಕ್ಕಳಿದ್ದಾರೆ, ಗಣಕಯಂತ್ರದ ಮುಂದೆ ಕುಳಿತ ತರುಣರಿದ್ದಾರೆ. ಅವರ ಮಕ್ಕಳನ್ನು ನೋಡಿಕೊಳ್ಳಲು ಊರು ಬಿಟ್ಟು ಬಂದ ಅಜ್ಜ-ಅಜ್ಜಿಯರಿದ್ದಾರೆ. ಪ್ರವಚನ, ಗೃಹಪ್ರವೇಶ, ಸ್ಮರಣೋತ್ಸವಗಳ ನಿಮಿತ್ತ ಈಚಿನ ವರ್ಷಗಳಲ್ಲಿ ನಾವು ಅನೇಕ ಬಾರಿ ಈ ಬಡಾವಣೆಗಳಿಗೆ ಹೋಗಿ, ಭಕ್ತರ ಮನೆಗಳಲ್ಲಿ ವಾರಗಟ್ಟಲೆ ತಂಗಿದ್ದೇವೆ. ಅಲ್ಲಿಯ ಎತ್ತರದ ಕಟ್ಟಡಗಳನ್ನೂ ಮೆಟ್ರೋ ರೈಲನ್ನೂ ಕುರಿತು ಬರೆಯುವವರು ಬಹಳ ಮಂದಿ ಇದ್ದಾರೆ. ನಾವು ಇಲ್ಲಿ ಬರೆಯಹೊರಟದ್ದು ಹಲ್ಲುಬೇನೆಯ ವಿಷಯ.

ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಕೇಳಿದ್ದೇವೆ. ಹಲ್ಲಿನ ನೋವೂ ನಮ್ಮ ಮನೆಗಳಲ್ಲಿ ಹಾಗೆಯೇ ಹಗುರವಾದ ಮಾತು. ಒಂದು ಲವಂಗ ಕಚ್ಚಿಕೊಂಡರೆ ಆಯಿತು, ಒಂದು ಮಾತ್ರೆ ನುಂಗಿದರೆ ಆಯಿತು ಎಂದು ಮುಂದೂಡುವುದು ರೂಢಿ. ಅದು ಹಗುರವಲ್ಲವೆಂಬುದನ್ನು ಈ ಮೂರು ಊರುಗಳಲ್ಲಿ ನಾವು ಕಣ್ಣಾರೆ ಕಂಡೆವು.

ಪೀಣ್ಯದ ಒಂದು ರಾತ್ರಿ

ದಾಸರಹಳ್ಳಿಯಲ್ಲಿ ನಾವು ತಂಗಿದ್ದ ಮನೆಯ ಮೇಲ್ಮಹಡಿಯ ಕೋಣೆಯಲ್ಲಿ ನಾಲ್ವರು ಹುಡುಗರು ಬಾಡಿಗೆಗಿದ್ದರು. ನಾಲ್ವರೂ ವಿಜಯಪುರ ಜಿಲ್ಲೆಯವರು, ಪೀಣ್ಯದ ಯಂತ್ರಾಗಾರವೊಂದರಲ್ಲಿ ಗುತ್ತಿಗೆಯ ಕೆಲಸಗಾರರು. ಅವರಲ್ಲೊಬ್ಬನಿಗೆ ಕೆಳದವಡೆಯ ಕೊನೆಯ ಹಲ್ಲು ನಾಲ್ಕು ದಿನಗಳಿಂದ ಕಾಡುತ್ತಿತ್ತು. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆಗಳನ್ನು ನುಂಗುತ್ತ ಅವನು ರಾತ್ರಿಪಾಳಿಗೆ ಹೋಗಿಬರುತ್ತಿದ್ದ. ಆಸ್ಪತ್ರೆಗೆ ಏಕೆ ಹೋಗಲಿಲ್ಲವೆಂದು ಮನೆಯೊಡೆಯರು ಕೇಳಿದ್ದಕ್ಕೆ, "ಒಂದ್ ದಿನ ಬಿಟ್ರ ಪಗಾರ ಕಟ್ ಮಾಡ್ತಾರ್ರೀ ಕಾಕಾ, ಹಲ್ಲಿನ ಬ್ಯಾನಿ ಏನ್ ಮಹಾ" ಎಂದಿದ್ದನಂತೆ.

ಭಾನುವಾರದ ರಾತ್ರಿ ಅವನ ಗೆಳೆಯರು ಅವನನ್ನು ಕೆಳಗಿಳಿಸಿಕೊಂಡು ಬಂದಾಗ ಮಾತು ತೊದಲುತ್ತಿತ್ತು. ಗದ್ದದ ಕೆಳಗೆ ಎರಡೂ ಪಕ್ಕ ಕಲ್ಲಿನಂತೆ ಗಟ್ಟಿಯಾದ ಬಾವು ಎದ್ದಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಉಗುಳನ್ನು ನುಂಗಲಾರದೆ ಟವೆಲನ್ನು ಬಾಯಿಗೆ ಹಿಡಿದಿದ್ದ. ಮಲಗಿಸಿದರೆ ಉಸಿರು ಕಟ್ಟುತ್ತದೆಂದು ಎದ್ದು ಕೂರುತ್ತಿದ್ದ. ಹತ್ತಿರದಲ್ಲಿಯೇ ವಾಸವಾಗಿದ್ದ ಒಬ್ಬ ತರುಣ ದಂತವೈದ್ಯರನ್ನು ಮನೆಯೊಡೆಯರು ಕರೆತಂದರು. ಆತ ಒಮ್ಮೆ ನೋಡಿದವರೇ, "ಇದು ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಾಡುವ ಕೆಲಸವಲ್ಲ. ಆಪರೇಷನ್ ಥಿಯೇಟರೂ ಅರಿವಳಿಕೆಯ ವೈದ್ಯರೂ ಇರುವ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಬೇಕು. ಬೆಳಗಿನವರೆಗೆ ಕಾಯುವಂತಿಲ್ಲ" ಎಂದರು. ತಮ್ಮ ಕೈಲಾಗದ್ದನ್ನು ಕೈಲಾಗದೆಂದು ಒಡನೆಯೇ ಹೇಳಿದ ಆ ತರುಣನ ವಿವೇಕಕ್ಕೆ ನಾವು ಮನಸ್ಸಿನಲ್ಲಿಯೇ ನಮಿಸಿದೆವು.

ಈ ಬಾವಿಗೆ ವೈದ್ಯಶಾಸ್ತ್ರದಲ್ಲಿ ಲುಡ್ವಿಗ್ಸ್ ಆಂಜೈನಾ ಎಂಬ ಹೆಸರಿದೆ. ಜರ್ಮನಿಯ ವೈದ್ಯ ಲುಡ್ವಿಗ್ ೧೮೩೬ರಲ್ಲಿ ಇದನ್ನು ವರ್ಣಿಸಿದನು. ಕೆಳದವಡೆಯ ಹುಳುಕುಹಲ್ಲಿನ ಬೇರಿನಿಂದ ಹೊರಟ ಸೋಂಕು ನಾಲಿಗೆಯ ಅಡಿಗೂ ಗಂಟಲಿನ ಕಡೆಗೂ ಹರಡುತ್ತದೆ. ನಾಲಿಗೆ ಮೇಲೆದ್ದು ಹಿಂದಕ್ಕೆ ಸರಿದು ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಆಂಟಿಬಯಾಟಿಕ್ ಔಷಧಗಳು ಬರುವ ಮುನ್ನ ಈ ಬೇನೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. ಈಗಲೂ ಬರಿಯ ಮಾತ್ರೆಯಿಂದ ಇದು ವಾಸಿಯಾಗದು. ಮಾತ್ರೆ ನೋವನ್ನು ಅಡಗಿಸೀತು. ಒಳಗಿನ ಕೀವು ಹೊರಬಂದು, ಕೆಟ್ಟ ಹಲ್ಲಿಗೆ ಚಿಕಿತ್ಸೆಯಾದ ಹೊರತು ಬೇನೆಯ ಮೂಲ ಹೋಗದು. ಸಕ್ಕರೆ ಕಾಯಿಲೆಯವರಲ್ಲಿ ಇಂತಹ ಸೋಂಕು ಮತ್ತಷ್ಟು ಬೇಗ ಹಬ್ಬುತ್ತದೆ.

ಮೆಟ್ರೋ ನಿಂತ ಹೊತ್ತು. ೧೦೮ಕ್ಕೆ ಕರೆ ಮಾಡಲಾಯಿತು. ೨೦೦೮ರ ರಾಜ್ಯೋತ್ಸವದ ದಿನ ನಮ್ಮ ರಾಜ್ಯದಲ್ಲಿ ಆರಂಭವಾದ ಈ ಉಚಿತ ಆಂಬುಲೆನ್ಸ್ ಸೇವೆ ಹಲ್ಲಿನ ವಿಷಯಕ್ಕೂ ಬರುತ್ತದೆಯೇ ಎಂದು ಹುಡುಗರಿಗೆ ಸಂಶಯ. ಉಸಿರಾಟಕ್ಕೆ ತೊಂದರೆಯಾಗಿದೆ ಎಂದು ಸ್ಪಷ್ಟವಾಗಿ ಹೇಳಿರೆಂದು ದಂತವೈದ್ಯರು ಸೂಚಿಸಿದರು. ವಾಹನ ಬಂದಿತು. ಅಂದೇ ರಾತ್ರಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಗದ್ದದ ಕೆಳಗೆ ಕೊಯ್ದು ಕೀವು ತೆಗೆದು, ಹಲ್ಲನ್ನೂ ಕಿತ್ತರು. ಆರು ದಿನಗಳ ಮೇಲೆ ಹುಡುಗ ಮನೆಗೆ ಮರಳಿದ. ಇಂಡಿ ತಾಲ್ಲೂಕಿನಿಂದ ಬಂದಿದ್ದ ತಾಯಿ ನಮ್ಮ ಮುಂದೆ ಕುಳಿತು, "ಹಲ್ಲಿನಿಂದ ಜೀವಾ ಹೋಗ್ತೈತಿ ಅಂತ ಯಾರಿಗ್ ಗೊತ್ರೀ ಅಜ್ಜಾರ" ಎಂದಾಗ ಉತ್ತರಿಸಲು ನಮ್ಮಲ್ಲಿ ಮಾತಿರಲಿಲ್ಲ.

ಮನೆಯೊಡೆಯರು ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು. ಹುಡುಗನ ಸಂಬಳದ ಚೀಟಿಯನ್ನು ಅವರು ಓದಿ ನೋಡಿದರು. ಪ್ರತಿ ತಿಂಗಳೂ ಇ.ಎಸ್.ಐ. ಹಣ ಮುರಿದುಕೊಂಡದ್ದು ಅದರಲ್ಲಿಯೇ ಇತ್ತು, ವಿಮಾ ಸಂಖ್ಯೆಯೂ ಇತ್ತು. ಅದು ಏನೆಂದು ಹುಡುಗನಿಗೆ ಯಾರೂ ತಿಳಿಸಿರಲಿಲ್ಲ. ೨೦೧೭ರ ಜನವರಿಯಲ್ಲಿ ಈ ವಿಮೆಯ ವೇತನಮಿತಿಯನ್ನು ತಿಂಗಳಿಗೆ ೨೧,೦೦೦ ರೂಪಾಯಿಗೆ ಏರಿಸಲಾಯಿತು. ೨೦೧೯ರ ಜುಲೈಯಿಂದ ಕೆಲಸಗಾರನ ಪಾಲು ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲು ನೂರಕ್ಕೆ ಮೂರೂಕಾಲು ರೂಪಾಯಿ. ಈ ಹಣಕ್ಕೆ ಪ್ರತಿಯಾಗಿ ಕೆಲಸಗಾರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕಿದೆ. ಅರ್ಧವರ್ಷದ ಅವಧಿಯಲ್ಲಿ ೭೮ ದಿನಗಳಾದರೂ ವಂತಿಗೆ ಸಂದಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ಕಾಯಿಲೆಯ ರಜೆಗೆ ವೇತನದ ನೂರಕ್ಕೆ ೭೦ರಷ್ಟು ದೊರೆಯುವ ಏರ್ಪಾಡೂ ಇದೆ. ಇಂತಹ ಆಸ್ಪತ್ರೆ ಪೀಣ್ಯದಲ್ಲಿಯೇ ಇದೆ, ರಾಜಾಜಿನಗರದಲ್ಲಿ ಇನ್ನೂ ದೊಡ್ಡದಿದೆ. ಪಗಾರ ಹೋಗುವುದೆಂಬ ಭಯದಿಂದ ನಾಲ್ಕು ದಿನ ಬಾವನ್ನು ಸಹಿಸಿದ ಹುಡುಗನ ಜೇಬಿನಲ್ಲಿಯೇ ಆ ಭಯಕ್ಕೆ ಪರಿಹಾರದ ಚೀಟಿಯಿತ್ತು.

ಪೀಣ್ಯದಿಂದ ಸ್ವಲ್ಪವೇ ದೂರದಲ್ಲಿ, ತುಮಕೂರು ರಸ್ತೆಯ ಯಶವಂತಪುರ ಭಾಗದಲ್ಲಿ, ಕೆ.ಎಲ್.ಇ. ಸಂಸ್ಥೆಯ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಸಂಸ್ಥೆಯ ಕೊಂಬೆ ಇದು. ದಂತ ಮಹಾವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುವುದರಿಂದ ಖರ್ಚು ಕಡಿಮೆ. ಹಗಲಿನಲ್ಲಿ ಹೋಗಿ ಸರದಿಯಲ್ಲಿ ಕುಳಿತುಕೊಳ್ಳುವ ತಾಳ್ಮೆ ಇದ್ದರೆ ಸಾಕು. ಅಷ್ಟು ಹತ್ತಿರದ ಬಾಗಿಲು ಆ ಹುಡುಗರಿಗೆ ತಿಳಿದಿರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿ: ಒಂದು ಬಟ್ಟಲು ಹಾಲು

ಹೊಸೂರು ರಸ್ತೆಯ ಮೇಲೆ ಸುಮಾರು ಹತ್ತು ಕಿಲೋಮೀಟರ್ ಉದ್ದದ ಮೇಲುರಸ್ತೆ ೨೦೧೦ರಲ್ಲಿ ತೆರೆಯಿತು. ೨೦೨೫ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗವೂ ಬಂದು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ರೈಲು ಓಡತೊಡಗಿತು. ಆದರೂ ಸಂಜೆ ಐದರ ಮೇಲೆ ಒಳರಸ್ತೆಗಳಲ್ಲಿ ಒಂದು ಕಿಲೋಮೀಟರ್ ಸಾಗಲು ಅರ್ಧ ಗಂಟೆ ಬೇಕಾದೀತು. ಅಂತಹ ಒಂದು ಸಂಜೆ, ದೊಡ್ಡತೋಗೂರಿನ ಬಡಾವಣೆಯೊಂದರಲ್ಲಿ, ನಮ್ಮ ಆತಿಥೇಯರ ನೆರೆಮನೆಯ ಹನ್ನೊಂದು ವರ್ಷದ ಬಾಲಕ ಸೈಕಲ್ಲಿನಿಂದ ಸಿಮೆಂಟಿನ ನೆಲಕ್ಕೆ ಬಿದ್ದ. ಮೇಲಿನ ಮುಂಬಲ್ಲು ಬೇರುಸಹಿತ ಕಿತ್ತು ಮಣ್ಣಿನಲ್ಲಿ ಬಿದ್ದಿತ್ತು.

ನಮ್ಮ ಹಳ್ಳಿಗಳಲ್ಲಿ ಮಕ್ಕಳ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ವಾಡಿಕೆಯಿದೆ. ಹಾಲುಹಲ್ಲಿನ ಮಟ್ಟಿಗೆ ಅದು ಸರಿಯೇ. ಬಿದ್ದ ಹಾಲುಹಲ್ಲನ್ನು ಮತ್ತೆ ಕೂರಿಸಬಾರದೆಂದೇ ವೈದ್ಯರೂ ಹೇಳುತ್ತಾರೆ, ಏಕೆಂದರೆ ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಅದರಿಂದ ಹಾನಿ. ಆದರೆ ಈ ಬಾಲಕನದು ಶಾಶ್ವತವಾದ ಹಲ್ಲು. ತುಮಕೂರಿನ ಕಡೆಯಿಂದ ಬಂದಿದ್ದ ಅವನ ಅಜ್ಜಿ ಹಲ್ಲನ್ನು ಎತ್ತಿಕೊಂಡು, "ಅಯ್ಯೋ, ಮಣ್ಣಾಗಿದೆ ಕಣವ್ವ, ಉಜ್ಜಿ ತೊಳೀತೀನಿ" ಎಂದು ನಲ್ಲಿಯ ಕಡೆಗೆ ಹೊರಟರು. ಬೊಮ್ಮಸಂದ್ರದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಎದುರುಮನೆಯ ಹೆಣ್ಣುಮಗಳು ಓಡಿಬಂದು ಅವರ ಕೈ ಹಿಡಿದಳು. "ಬೇಡ ಅಜ್ಜಿ, ಬೇರು ಮುಟ್ಟಬೇಡಿ. ಮನೇಲಿ ತಣ್ಣಗಿರೋ ಹಾಲಿದೆಯಾ?"

ಹಲ್ಲನ್ನು ಎತ್ತುವಾಗ ನಾವು ಕಚ್ಚುವ ಬಿಳಿಯ ಭಾಗವನ್ನು ಮಾತ್ರ ಹಿಡಿಯಬೇಕು. ಬೇರಿನ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಎಳೆಗಳಿರುತ್ತವೆ. ಹಲ್ಲು ಮತ್ತೆ ದವಡೆಗೆ ಹೊಂದಿಕೊಳ್ಳುವುದು ಅವು ಜೀವಂತವಾಗಿದ್ದರೆ ಮಾತ್ರ. ಉಜ್ಜಿದರೆ ಅವು ಹರಿಯುತ್ತವೆ, ಒಣಗಿದರೆ ಸಾಯುತ್ತವೆ, ನೀರಿನಲ್ಲಿ ಬಹಳ ಹೊತ್ತು ಇಟ್ಟರೂ ಕೆಡುತ್ತವೆ. ಮಣ್ಣಾಗಿದ್ದರೆ ಹಾಲಿನಲ್ಲಿಯೋ ಹರಿಯುವ ತಣ್ಣೀರಿನಲ್ಲಿಯೋ ಕೆಲವೇ ಕ್ಷಣ ಅಲುಗಿಸಿ ತೆಗೆಯಬೇಕು. ಸಾಧ್ಯವಾದರೆ ಆಗಲೇ ಅದರ ಕುಳಿಯಲ್ಲಿ ಕೂರಿಸಿ, ಮೆತ್ತನೆಯ ಬಟ್ಟೆಯನ್ನು ಕಚ್ಚಿಕೊಂಡು ವೈದ್ಯರಲ್ಲಿಗೆ ಓಡಬೇಕು. ಅದಕ್ಕೆ ಧೈರ್ಯ ಸಾಲದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಬೇಕು. ಅರ್ಧ ಗಂಟೆಯೊಳಗೆ ಆದರೆ ಉತ್ತಮ. ಹೊರಗೆ ಒಣಗಿಕೊಂಡು ಒಂದು ಗಂಟೆ ಕಳೆದರೆ ಆ ಎಳೆಗಳು ಉಳಿಯುವ ಆಸೆ ಇಲ್ಲ. ಆಗಲೂ ಹಲ್ಲನ್ನು ಎಸೆಯದೆ ವೈದ್ಯರಿಗೆ ತೋರಿಸಬೇಕು.

ಹಾಲಿನ ಬಟ್ಟಲನ್ನು ಹಿಡಿದು ಆ ದಾದಿ, ಬಾಲಕನನ್ನು ಎತ್ತಿಕೊಂಡು ನಮ್ಮ ಆತಿಥೇಯರ ಮಗ, ಹಿಂದೆ ಅಜ್ಜಿ. ಮೊದಲ ಕ್ಲಿನಿಕ್ಕಿಗೆ ಬೀಗ. ಎರಡನೆಯದರ ಫಲಕದ ಮೇಲೆ ದಿನದ ೨೪ ಗಂಟೆಯೂ ಸೇವೆ ಎಂದು ಬರೆದಿತ್ತು; ಬಾಗಿಲು ತಟ್ಟಿದರೆ ಕಾವಲುಗಾರ ಎದ್ದು ಬಂದು, ವೈದ್ಯರು ನಾಳೆ ಹತ್ತಕ್ಕೆ ಬರುತ್ತಾರೆಂದ. ಕಾರಿನಲ್ಲಿ ಕುಳಿತರೆ ಹೊತ್ತು ಮೀರುವುದೆಂದು ಗಲ್ಲಿಗಳ ಮೂಲಕ ನಡೆದೇ ಹೋದರು. ಮೂರನೆಯ ಕ್ಲಿನಿಕ್ಕಿನ ವೈದ್ಯೆ ಅದೇ ಕಟ್ಟಡದ ಮೇಲೆ ವಾಸವಾಗಿದ್ದರು. ಒಲೆಯ ಮೇಲಿನ ಅಡುಗೆಯನ್ನು ಬಿಟ್ಟು ಇಳಿದು ಬಂದರು. ಬಿದ್ದು ನಲವತ್ತು ನಿಮಿಷಕ್ಕೆ ಹಲ್ಲು ತನ್ನ ಸ್ಥಾನದಲ್ಲಿ ಕುಳಿತಿತು. ಅಕ್ಕಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಅದನ್ನು ಎರಡು ವಾರ ಬಂಧಿಸಿದರು. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ಕೇಳಿದರು. ಮುಂದೆ ಬೇರಿನ ಚಿಕಿತ್ಸೆಯನ್ನೂ ಮಾಡಿದರು. ಮರುವರ್ಷ ನಾವು ಹೋದಾಗ ಬಾಲಕ ನಮ್ಮ ಮುಂದೆ ನಿಂತು ಕಬ್ಬಿನ ಜಲ್ಲೆ ಕಚ್ಚಲು ಹವಣಿಸಿ, ಅಜ್ಜಿಯಿಂದ ಬೈಸಿಕೊಂಡ.

ಆ ಹಲ್ಲನ್ನು ಉಳಿಸಿದವರಲ್ಲಿ ವೈದ್ಯೆಯಷ್ಟೇ ಪಾಲು ಎದುರುಮನೆಯ ಹೆಣ್ಣುಮಗಳದೂ ಉಂಟು. ಆಕೆಯ ಭಾಷೆ ಬೇರೆ, ಊರು ಬೇರೆ, ಆಚಾರ ಬೇರೆ. ಎರಡು ವರ್ಷ ಎದುರುಬದುರು ಇದ್ದರೂ ಈ ಮನೆಯವರಿಗೆ ಆಕೆಯ ಹೆಸರು ತಿಳಿದದ್ದು ಅಂದೇ ಎಂದು ಅಜ್ಜಿ ಹೇಳಿದರು.

ವೈಟ್‌ಫೀಲ್ಡಿನ ಎತ್ತರದ ಮನೆ

ವೈಟ್‌ಫೀಲ್ಡಿನಲ್ಲಿ ಆಸ್ಪತ್ರೆಗಳಿಗೂ ದಂತ ಕ್ಲಿನಿಕ್ಕುಗಳಿಗೂ ಕೊರತೆಯಿಲ್ಲ. ನಲ್ಲೂರಹಳ್ಳಿಯ ಬಳಿ ವೈದೇಹಿ ಸಂಸ್ಥೆಯ ವೈದ್ಯಕೀಯ ಹಾಗೂ ದಂತವೈದ್ಯಕೀಯ ಮಹಾವಿದ್ಯಾಲಯಗಳಿವೆ. ೨೦೦೧ರಲ್ಲಿ ಆರಂಭವಾದ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ ಹೃದಯ, ಮೆದುಳು ಮೊದಲಾದವುಗಳ ಚಿಕಿತ್ಸೆಯನ್ನು ಹಣ ಪಡೆಯದೆ ನೀಡುತ್ತ ಬಂದಿದೆ. ಹಲ್ಲಿನ ತುರ್ತಿಗೆ ಹೋಗುವ ಸ್ಥಳ ಅದಲ್ಲ. ಇಲ್ಲಿಯ ಕಷ್ಟ ಬೇರೆ ಬಗೆಯದು. ಇಪ್ಪತ್ತು ಅಂತಸ್ತಿನ ಮನೆಯಲ್ಲಿ ಹಗಲೆಲ್ಲ ಹಿರಿಯರಿಬ್ಬರೇ ಇರುತ್ತಾರೆ. ವೈದ್ಯರ ಭೇಟಿಯನ್ನು ಗೊತ್ತುಮಾಡುವುದು ಮಕ್ಕಳ ಫೋನಿನಲ್ಲಿ.

ನಮ್ಮ ಪರಿಚಯದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ಅಲ್ಲಿ ಬೆಳಿಗ್ಗೆ ಹಲ್ಲು ಕಿತ್ತರು. ರಾತ್ರಿ ರಕ್ತ ನಿಲ್ಲಲಿಲ್ಲ. ಹೃದಯದ ಚಿಕಿತ್ಸೆಯಾದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ಸೇವಿಸುತ್ತಿದ್ದ ಸಂಗತಿಯನ್ನು ಅವರು ದಂತವೈದ್ಯರಿಗೆ ಹೇಳಿರಲಿಲ್ಲ, ಕೇಳಿದವರೂ ಇಲ್ಲ. ಬಾಯಿಯನ್ನು ಮೇಲಿಂದ ಮೇಲೆ ಮುಕ್ಕಳಿಸಿ ಉಗುಳುತ್ತಿದ್ದರು. ಹಾಗೆ ಮಾಡಿದರೆ ಕುಳಿಯಲ್ಲಿ ಕಟ್ಟಿಕೊಂಡ ಹೆಪ್ಪು ಮತ್ತೆ ಮತ್ತೆ ಕಿತ್ತುಬರುತ್ತದೆ. ಸೊಸೆ ಫೋನಿನಲ್ಲಿ ಹುಡುಕಿದರೆ ಎಲ್ಲೆಡೆಯೂ ನಾಳೆಯ ಭೇಟಿ. ಕೊನೆಗೆ ಬಳಗದ ವೈದ್ಯರೊಬ್ಬರು ದೂರವಾಣಿಯಲ್ಲಿ ತಿಳಿಸಿದಂತೆ, ಶುದ್ಧವಾದ ಬಟ್ಟೆಯ ಸುರುಳಿಯನ್ನು ಕುಳಿಯ ಮೇಲಿಟ್ಟು ಅರ್ಧ ಗಂಟೆ ಬಿಡದೆ, ತೆಗೆದು ನೋಡದೆ, ಬಿಗಿಯಾಗಿ ಕಚ್ಚಿ ಕುಳಿತರು. ರಕ್ತ ನಿಂತಿತು. ನಿಲ್ಲದೇ ಹೋಗಿದ್ದರೆ ಆಸ್ಪತ್ರೆಯ ತುರ್ತು ವಿಭಾಗವೇ ಗತಿ. ಇಂತಹ ಮಾತ್ರೆಗಳನ್ನು ಹಲ್ಲು ಕೀಳಿಸುವ ಸಲುವಾಗಿ ತಾವಾಗಿಯೇ ನಿಲ್ಲಿಸುವುದೂ ಅಪಾಯ. ಹೇಳುವುದು ರೋಗಿಯ ಕೆಲಸ, ನಿರ್ಧರಿಸುವುದು ವೈದ್ಯರ ಕೆಲಸ.

ಹಿರಿಯರಿಗಾಗಿ ಇನ್ನೊಂದು ಮಾತು. ಹಲ್ಲಿನಲ್ಲಿ ಯಾವ ಕೆಡುಕೂ ಕಾಣದೆ ದವಡೆಯಲ್ಲಿ ನೋವು ಬಂದು, ಜೊತೆಗೆ ಎದೆ ಬಿಗಿತ, ಬೆವರು, ತೋಳಿನ ಸೆಳೆತವಿದ್ದರೆ ಅದು ಹಲ್ಲುಬೇನೆಯಾಗಿರದೆ ಹೃದಯದ ಬೇನೆಯಾಗಿರಬಹುದು. ಆಗ ಲವಂಗ ಹುಡುಕುತ್ತ ಕೂರದೆ ೧೦೮ಕ್ಕೆ ಕರೆಯಬೇಕು.

ಮೂರು ದಾರಿಗಳು ಕೂಡುವ ಕೋಟೆ

ಈ ಮೂರು ಅಂಚುಗಳಿಂದಲೂ ಒಂದು ದಾರಿ ನಗರದ ಹೃದಯಕ್ಕೆ ಬಂದು ಸೇರುತ್ತದೆ. ಕೆ.ಆರ್. ಮಾರುಕಟ್ಟೆಯ ಪಕ್ಕದಲ್ಲಿ ೧೯೦೦ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ೧೯೫೮ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. ಪೀಣ್ಯದಿಂದ ಹಸಿರು ಮಾರ್ಗದ ರೈಲು ಹತ್ತಿದರೆ ಎಲ್ಲಿಯೂ ಬದಲಿಸದೆ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿಯಬಹುದು. ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಬೇಕು. ವೈಟ್‌ಫೀಲ್ಡಿನವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಬಂದು ಹಸಿರು ರೈಲು ಹಿಡಿದರೆ ಚಿಕ್ಕಪೇಟೆಯ ಮುಂದಿನದೇ ಮಾರುಕಟ್ಟೆ. ಹಗಲಿನ ಹೊತ್ತು, ಜೀವಕ್ಕೆ ಅಪಾಯವಿಲ್ಲದ ನೋವಾದರೆ, ಕೈಯಲ್ಲಿ ಹಣವಿಲ್ಲದವರಿಗೆ ಇದೇ ಭರವಸೆಯ ದಾರಿ. ಅಲ್ಲಿಯ ಸರದಿಯಲ್ಲಿ ಒಮ್ಮೆ ನಾವು ಕುಳಿತಿದ್ದಾಗ ಪಕ್ಕದಲ್ಲಿ ಹೂ ಮಾರುವ ತಾಯಿಯೊಬ್ಬರಿದ್ದರು, ಅವರ ಪಕ್ಕದಲ್ಲಿ ಕೊರಳಿಗೆ ಕಂಪನಿಯ ಗುರುತಿನ ಚೀಟಿ ತೂಗುಹಾಕಿದ್ದ ತರುಣನಿದ್ದ. ಇಬ್ಬರ ಕೈಯೂ ಕೆನ್ನೆಯ ಮೇಲಿತ್ತು.

ರಾತ್ರಿಯ ಹೊತ್ತು, ಬಾವು, ಉಸಿರಿನ ತೊಂದರೆ, ದವಡೆಯ ಮುರಿತಗಳಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಪ್ರಾಣಾಪಾಯದಲ್ಲಿರುವವರಿಗೆ ಮೊದಲ ಚಿಕಿತ್ಸೆ ನೀಡುವುದು ಸರ್ಕಾರಿ ಆಗಲಿ ಖಾಸಗಿ ಆಗಲಿ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ೧೯೮೯ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸಾರಿದೆ. ಹಣದ ಚಿಂತೆಯಿಂದ ಬಾಗಿಲಲ್ಲಿಯೇ ಹಿಂಜರಿದು ನಿಲ್ಲಬಾರದು.

ಮನೆಮನೆಯಲ್ಲಿ ಆಗಬೇಕಾದ್ದು

ಸದ್ಭಕ್ತರಲ್ಲಿ ನಮ್ಮ ವಿನಂತಿ ಚಿಕ್ಕದು. ಹೊಸ ಬಡಾವಣೆಗೆ ಹೋದ ಮೊದಲ ವಾರದಲ್ಲಿಯೇ ಹಾಲಿನವರನ್ನೂ ಅಂಗಡಿಯನ್ನೂ ಗೊತ್ತುಮಾಡಿಕೊಳ್ಳುವಂತೆ, ಸಂಜೆ ಎಂಟರ ಮೇಲೆಯೂ ತೆರೆದಿರುವ ದಂತವೈದ್ಯರು ಯಾರು, ಭಾನುವಾರ ಯಾರು, ಇರುಳಿನಲ್ಲಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ನಡೆದು ಹೋಗಿ ನೋಡಿ ಬರಬೇಕು. ಫಲಕವನ್ನು ನಂಬದೆ ಒಳಗೆ ಹೋಗಿ ಕೇಳಬೇಕು. ಆ ಹೆಸರುಗಳನ್ನು ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ, ಅಜ್ಜಿಯ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಹಿರಿಯರು ಸೇವಿಸುವ ಮಾತ್ರೆಗಳ ಪಟ್ಟಿಯೂ ಅದರ ಕೆಳಗಿರಲಿ. ಊರಿನಿಂದ ದುಡಿಯಲು ಬಂದ ಹುಡುಗರಿಗೆ ಸಂಬಳದ ಚೀಟಿಯನ್ನು ಓದಲು ಕಲಿಸುವುದೂ ದಾಸೋಹವೇ.

ನೋವಿದ್ದಾಗ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬಹುದು. ಹತ್ತಿಗೆ ಹಚ್ಚಿದ ಲವಂಗದ ಎಣ್ಣೆ ಸ್ವಲ್ಪ ಹೊತ್ತು ನೋವನ್ನು ತಡೆದೀತು. ನೋವಿನ ಮಾತ್ರೆಯನ್ನು ವಸಡಿನ ಮೇಲೆಯೇ ಇಡುವವರಿದ್ದಾರೆ. ಅದರಿಂದ ವಸಡು ಸುಡುತ್ತದೆ. ಬಾವಿಗೆ ಹೊರಗಿನಿಂದ ಬಿಸಿ ಶಾಖ ಕೊಡುವುದೂ ತರವಲ್ಲ. ಇವೆಲ್ಲ ವೈದ್ಯರನ್ನು ತಲುಪುವವರೆಗಿನ ಉಪಾಯಗಳು. ಇವುಗಳಿಂದ ನೋವು ಅಡಗಿತೆಂದು ವೈದ್ಯರಲ್ಲಿಗೆ ಹೋಗುವುದನ್ನು ಬಿಡಬಾರದು. ಮುಖದಲ್ಲಿ ಬಾವು, ಜ್ವರ, ಬಾಯಿ ತೆರೆಯಲಾರದಿರುವುದು, ನುಂಗಲು ಕಷ್ಟ, ಇವುಗಳಲ್ಲಿ ಯಾವುದೊಂದು ಕಂಡರೂ ಹೊತ್ತು ಕಳೆಯಬಾರದು.

ಹಳ್ಳಿಯಲ್ಲಿ ಒಂದು ಕೂಗಿಗೆ ಹತ್ತು ಮನೆಯವರು ಬರುತ್ತಿದ್ದರು. ಆದರೆ ವೈದ್ಯರು ಹತ್ತು ಹರದಾರಿ ದೂರವಿದ್ದರು. ಈ ಹೊಸ ಊರುಗಳಲ್ಲಿ ವೈದ್ಯರು ಕೂಗಳತೆಯಲ್ಲಿದ್ದಾರೆ; ಕೂಗನ್ನು ಕೇಳುವ ನೆರೆಹೊರೆ ಮಾತ್ರ ಇನ್ನೂ ಕೂಡಿಬರಬೇಕಾಗಿದೆ. ಎದುರುಮನೆಯವರ ಹೆಸರನ್ನು ಆಪತ್ತು ಬರುವ ಮುನ್ನವೇ ಕೇಳಿ ತಿಳಿದುಕೊಂಡರೆ ಆ ಕೆಲಸ ಇಂದೇ ಆರಂಭವಾದೀತು.